ಪದಕದ ಮೇಲಿನ ಹಾಯಿಹಡಗು

ಹಳೆಯ ಹಡಗೊಂದರ ಚರಿತ್ರೆಯನ್ನು ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಅದು ಯಾವ ವರ್ಷ ಯಾವ ಊರಿನಲ್ಲಿ ತಯಾರಾಯಿತು, ನಕ್ಷೆ ಬರೆದವರು ಯಾರು, ಉದ್ದ ಎಷ್ಟು, ತೂಕ ಎಷ್ಟು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಕೊನೆಗೆ ಎಲ್ಲಿ ಒಡೆದು ಹಾಕಿದರು ಎಂಬುದೆಲ್ಲ ಎಲ್ಲೋ ಒಂದು ಕಡೆ ಬರೆದಿಟ್ಟಿರುತ್ತದೆ. ಆದರೆ ಅದೇ ಹಡಗಿನ ಹಗ್ಗ ಎಳೆದವನು ಯಾರು, ಡೆಕ್ ತೊಳೆದವನು ಯಾರು, ಅವನ ಊರು ಯಾವುದು ಎಂದು ಕೇಳಿದರೆ ಕಪಾಟುಗಳು ಮೌನವಾಗುತ್ತವೆ. ನನ್ನ ಮುತ್ತಜ್ಜನನ್ನು ಹುಡುಕಲು ಹೊರಟ ಮೇಲೆ ಈ ಮೌನ ಎಷ್ಟು ಆಳವಾದುದು ಎಂಬುದು ನನಗೆ ಗೊತ್ತಾಯಿತು.

ನಮ್ಮದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಕಡೆ. ಶರಾವತಿ ಕಡಲು ಸೇರುವ ಜಾಗ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ, ಈ ಊರಿನ ಜನ ಹೊಲಗದ್ದೆಯಿಂದಲ್ಲ, ಕಡಲ ವ್ಯಾಪಾರದಿಂದ ಬದುಕುತ್ತಾರೆ ಎಂದು ಬರೆದಿದ್ದಾನೆ. ಊರಿನಲ್ಲಿ ಹುಡುಗಿಯರಿಗಾಗಿಯೇ ಹದಿಮೂರು ಪಾಠಶಾಲೆಗಳನ್ನು ಕಂಡ ಸಂಗತಿಯನ್ನೂ ಅವನು ದಾಖಲಿಸಿದ್ದಾನೆ. ನಮ್ಮ ಕರಾವಳಿಯಲ್ಲಿ ‘ನಾಖುದಾ’ ಎಂಬ ಮನೆತನದ ಹೆಸರು ಇಂದಿಗೂ ಇದೆ. ಪಾರಸಿಯಲ್ಲಿ ‘ನಾವ್’ ಎಂದರೆ ದೋಣಿ, ‘ಖುದಾ’ ಎಂದರೆ ಒಡೆಯ. ಹಡಗಿನ ಯಜಮಾನನೇ ನಾಖುದಾ. ತಾಂಡೇಲ ಎಂಬ ಹೆಸರೂ ಹಡಗಿನಿಂದಲೇ ಬಂದದ್ದು. ನಾವು ಕನ್ನಡದಲ್ಲಿ ದಿನವೂ ಬಳಸುವ ‘ಚುಕ್ಕಾಣಿ’ಯ ಮೂಲ ಅರಬಿಯ ‘ಸುಕ್ಕಾನ್’. ಭಾಷೆಯೊಳಗೆ ಇಷ್ಟು ಕಡಲು ತುಂಬಿಕೊಂಡಿರುವ ಜನರ ಮನೆಗಳಲ್ಲಿ ಕಡಲಿಗೆ ಹೋದವರ ಬಗ್ಗೆ ಒಂದು ಹಾಳೆ ಕಾಗದವೂ ಇಲ್ಲದಿರುವುದು ವಿಚಿತ್ರವೇ ಸರಿ.

ಮುತ್ತಜ್ಜ ಮೊದಲು ಮಚ್ವೆಯಲ್ಲಿ ದುಡಿದವರು. ತೆಂಗಿನಕಾಯಿ, ಅಡಿಕೆ, ಮರಮಟ್ಟು ತುಂಬಿಕೊಂಡು ಬೊಂಬಾಯಿಗೆ ಹೋಗುವುದು, ಅಲ್ಲಿಂದ ಬಟ್ಟೆಬರೆ, ದಿನಸಿ ತುಂಬಿಕೊಂಡು ಬರುವುದು. ಮಳೆಗಾಲದಲ್ಲಿ ಹಾಯಿ ಬಿಚ್ಚುವಂತಿಲ್ಲ. ನೂಲ ಹುಣ್ಣಿಮೆ ಕಳೆದ ಮೇಲೆ ಮತ್ತೆ ಕಡಲು. ಆಗ ಉತ್ತರ ಕನ್ನಡ ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು. 1862ರಲ್ಲಿಯೇ ಜಿಲ್ಲೆಯನ್ನು ಮದ್ರಾಸಿನಿಂದ ಬೇರ್ಪಡಿಸಿ ಅದಕ್ಕೆ ಸೇರಿಸಿದ್ದರು. ಆದುದರಿಂದ ನಮ್ಮವರಿಗೆ ದೊಡ್ಡ ಪಟ್ಟಣವೆಂದರೆ ಬೊಂಬಾಯಿಯೇ. ಅಲ್ಲಿಯ ಬಂದರಿನಲ್ಲಿ ಉಗಿಹಡಗುಗಳಿಗೆ ಆಳು ಒದಗಿಸುವ ‘ಘಾಟ್ ಸಾರಂಗ’ರಿದ್ದರು. ಅವರ ಕೈ ಬೆಚ್ಚಗೆ ಮಾಡಿದವನಿಗೆ ಕೆಲಸ. ಹೀಗೆ ಮುತ್ತಜ್ಜ ಹಾಯಿಯನ್ನು ಬಿಟ್ಟು ಉಗಿಗೆ ಹೋದರು. ಅಂದಿನಿಂದ ಬ್ರಿಟಿಷರ ಲೆಕ್ಕದಲ್ಲಿ ಅವರು ಒಬ್ಬ ‘ಲಸ್ಕರ’.

‘ಲಶ್ಕರ್’ ಎಂದರೆ ಪಾರಸಿಯಲ್ಲಿ ಸೈನ್ಯ. ಪೋರ್ಚುಗೀಸರ ಬಾಯಿಂದ ಇಂಗ್ಲಿಷರ ಬಾಯಿಗೆ ಬರುವಾಗ ಅದು ಹಡಗಿನ ಕೂಲಿಯ ಹೆಸರಾಯಿತು. ಮೊದಲನೆಯ ಮಹಾಯುದ್ಧ ಆರಂಭವಾದ 1914ರಲ್ಲಿ ಬ್ರಿಟನ್ನಿನ ವಾಣಿಜ್ಯ ಹಡಗುಗಳಲ್ಲಿ ಸುಮಾರು 51,000 ಲಸ್ಕರರಿದ್ದರು. ಅಂದರೆ ಆ ಹಡಗುಗಳ ಪ್ರತಿ ಆರು ನಾವಿಕರಲ್ಲಿ ಒಬ್ಬ. ಅವರ ಸಂಬಳ ಅದೇ ಕೆಲಸ ಮಾಡುವ ಬಿಳಿಯನ ಸಂಬಳದ ಮೂರರಲ್ಲಿ ಒಂದು ಭಾಗ, ಕೆಲವೊಮ್ಮೆ ಐದರಲ್ಲಿ ಒಂದು ಭಾಗ. ಮಲಗುವ ಜಾಗವೂ ಕಡಿಮೆ, ಊಟದ ಅಳತೆಯೂ ಬೇರೆ. ಯುದ್ಧದಲ್ಲಿ ಅವರಲ್ಲಿ ಸುಮಾರು 3,400 ಮಂದಿ ಪ್ರಾಣ ಕಳೆದುಕೊಂಡರು. ಸಾವಿರಕ್ಕೂ ಹೆಚ್ಚು ಮಂದಿ ಸೆರೆಯಾದರು.

ಮುತ್ತಜ್ಜ ಬದುಕಿ ಬಂದರು. ಸ್ವಾತಂತ್ರ್ಯಕ್ಕೆ ಎರಡು ವರ್ಷ ಮೊದಲು ಊರಿನಲ್ಲಿಯೇ ತೀರಿಕೊಂಡರು. ಅವರನ್ನು ಕಣ್ಣಾರೆ ಕಂಡು ನಮಗೆ ಕಥೆ ಹೇಳಿದವರು ಅವರ ಸೊಸೆ, ಅಂದರೆ ನನ್ನ ಅಜ್ಜಿ. ಅಜ್ಜಿಯ ಕಥೆ ಚಿಕ್ಕದು. “ನಿಮ್ಮ ಮುತ್ತಜ್ಜ ಲಾಟ್ ಸಾಹೇಬನ ಹಾಯಿಹಡಗಿನಲ್ಲಿದ್ದರು. ಅದು ಲಡಾಯಿಯ ಕಾಲದಲ್ಲಿ ದವಾಖಾನೆಯಾಗಿತ್ತು. ಅವರು ಬಸ್ರಾ ಕಂಡಿದ್ದರು. ಆದರೆ ಬಸ್ರಾದ ಮಾತು ತೆಗೆದರೆ ಎದ್ದು ಹೋಗುತ್ತಿದ್ದರು.” ಇಷ್ಟೇ. ಮಕ್ಕಳಾದ ನಮಗೆ ಇದು ರಾಜಕುಮಾರನ ಕಥೆಯಷ್ಟೇ ದೂರದ್ದಾಗಿತ್ತು.

2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ ನಮ್ಮ ಮನೆಗಳಲ್ಲೆಲ್ಲ ಹಳೆಯ ಕಾಗದಗಳ ಹುಡುಕಾಟ ಶುರುವಾಯಿತು. ಪಹಣಿ, ಶಾಲೆಯ ದಾಖಲೆ, ಮತದಾರರ ಪಟ್ಟಿ ಎಂದು ಎಲ್ಲರೂ ಪೆಟ್ಟಿಗೆ ತೆಗೆಯುವವರೇ. ನನ್ನ ತಮ್ಮ ಅಜ್ಜಿಯ ತಗಡಿನ ಟ್ರಂಕಿನ ತಳದಿಂದ ಬಟ್ಟೆಯ ಗಂಟೊಂದನ್ನು ತೆಗೆದ. ಒಳಗೆ ಕಂದುಗಟ್ಟಿದ ಕಂಚಿನ ಪದಕ. ಒಂದು ಬದಿಯಲ್ಲಿ ಐದನೆಯ ಜಾರ್ಜ್ ದೊರೆಯ ಮುಖ. ಇನ್ನೊಂದು ಬದಿಯಲ್ಲಿ ಅಲೆಗಳ ನಡುವೆ ಹಡಗುಗಳು, ಅವುಗಳಲ್ಲಿ ಒಂದು ಹಾಯಿಹಡಗು. ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮುತ್ತಜ್ಜನ ಹೆಸರು. “ಅಣ್ಣಾ, ಇದು ದಾಖಲೆಯಾಗುತ್ತದೆಯೇ?” ಎಂದು ಕೇಳಿದ. ಅವನು ತಮಾಷೆಗೆ ಕೇಳಿದ್ದಲ್ಲ. ನನ್ನ ಹುಡುಕಾಟ ಆ ಪ್ರಶ್ನೆಯಿಂದ ಆರಂಭವಾಯಿತು.

ಮೊದಲು ಹುಡುಕಿದ್ದು ಹಡಗನ್ನು. ಲಾರ್ಡ್ ಒಬ್ಬನ ಸ್ವಂತದ ಹಾಯಿಹಡಗು, ಯುದ್ಧದಲ್ಲಿ ಆಸ್ಪತ್ರೆ, ಬೊಂಬಾಯಿಯ ನಂಟು. ಈ ಮೂರೂ ಗುರುತುಗಳು ಒಟ್ಟಾಗಿ ಕೂಡುವ ಒಂದು ಹಡಗು ಇತ್ತು. ಅದರ ಹೆಸರು ‘ಸನ್‌ಬೀಮ್’, ಎಂದರೆ ಸೂರ್ಯಕಿರಣ. ಥಾಮಸ್ ಬ್ರಾಸ್ಸಿ ಎಂಬ ಶ್ರೀಮಂತ ಇಂಗ್ಲಿಷ್ ರಾಜಕಾರಣಿ ಮುಂದೆ ಲಾರ್ಡ್ ಬ್ರಾಸ್ಸಿ ಎನಿಸಿಕೊಂಡ. ಅವನಿಗಾಗಿ 1874ರಲ್ಲಿ ಮರ್ಸಿ ನದಿಯ ದಂಡೆಯಲ್ಲಿ ತಯಾರಾದ ವಿಹಾರನೌಕೆ ಅದು. ಅವನ ತಂದೆ ಲೋಕದ ಹಲವು ದೇಶಗಳಲ್ಲಿ ರೈಲುಹಳಿ ಹಾಕಿಸಿ ಹಣ ಗಳಿಸಿದ ಗುತ್ತಿಗೆದಾರ. ನೌಕೆಗೆ ಮೂರು ಕೂವೆಮರ, ಸುಮಾರು 159 ಅಡಿ ಉದ್ದ, ಗಾಳಿ ಬಿದ್ದುಹೋದಾಗ ಓಡಿಸಲು ಒಂದು ಉಗಿಯಂತ್ರ.

1876ರ ಜುಲೈಯಲ್ಲಿ ಬ್ರಾಸ್ಸಿ ತನ್ನ ಪತ್ನಿ ಅನ್ನಾ, ಮಕ್ಕಳು, ಸ್ನೇಹಿತರೊಂದಿಗೆ ಈ ಹಡಗಿನಲ್ಲಿ ಲೋಕ ಸುತ್ತಲು ಹೊರಟ. ದಕ್ಷಿಣ ಅಮೆರಿಕ, ತಾಹಿತಿ, ಜಪಾನ್, ಚೀನಾ, ಸಿಲೋನ್, ಏಡನ್, ಸುಯೆಜ್ ದಾಟಿ 1877ರ ಮೇ ತಿಂಗಳಲ್ಲಿ ಮನೆ ಸೇರಿದರು. ಅನ್ನಾ ಬ್ರಾಸ್ಸಿ ಆ ಪ್ರಯಾಣದ ಬಗ್ಗೆ 1878ರಲ್ಲಿ ಪ್ರಕಟಿಸಿದ ಪುಸ್ತಕ ಬಹಳ ಜನಪ್ರಿಯವಾಯಿತು, ಹಲವು ಭಾಷೆಗಳಿಗೆ ಹೋಯಿತು. ಅದನ್ನು ಓದುವಾಗ ನನ್ನ ಗಮನ ಸೆಳೆದದ್ದು ಹಡಗಿನಲ್ಲಿದ್ದವರ ಪಟ್ಟಿ. ಯಜಮಾನರದ್ದು ಮಾತ್ರವಲ್ಲ, ಬಡಗಿಯ ಹೆಸರಿದೆ, ಅಡುಗೆಯವನ ಹೆಸರಿದೆ, ಅವನ ಸಹಾಯಕನ ಹೆಸರಿದೆ, ಮಕ್ಕಳನ್ನು ನೋಡಿಕೊಳ್ಳುವ ದಾದಿಯ ಹೆಸರೂ ಇದೆ. ನೂರೈವತ್ತು ವರ್ಷಗಳ ಬಳಿಕ ಆ ಅಡುಗೆಯವನ ಮರಿಮಗ ಪುಸ್ತಕ ತೆರೆದರೆ ತನ್ನ ಮುತ್ತಜ್ಜನನ್ನು ಬೆರಳಿಟ್ಟು ತೋರಿಸಬಲ್ಲ.

ಅನ್ನಾ ಕೊನೆಯ ಪ್ರಯಾಣ ಮಾಡಿದ್ದು ಭಾರತದ ಕಡೆಗೆ. 1886-87ರಲ್ಲಿ ಸನ್‌ಬೀಮ್ ಇಲ್ಲಿಗೆ ಬಂದು, ಮುಂದೆ ಆಸ್ಟ್ರೇಲಿಯಕ್ಕೆ ಹೋಯಿತು. ಮರಳುವ ದಾರಿಯಲ್ಲಿ ಆಕೆ ಮಲೇರಿಯಾದಿಂದ 1887ರ ಸೆಪ್ಟೆಂಬರ್ 14ರಂದು ಹಡಗಿನಲ್ಲಿಯೇ ಮೃತಪಟ್ಟಳು. ದೇಹವನ್ನು ಕಡಲಿಗೇ ಒಪ್ಪಿಸಿದರು. ದೇಶದೇಶಗಳಿಂದ ಆಕೆ ತಂದ ವಸ್ತುಗಳು ಇಂಗ್ಲೆಂಡಿನ ಹೇಸ್ಟಿಂಗ್ಸ್ ಪಟ್ಟಣದ ಮ್ಯೂಸಿಯಮಿನಲ್ಲಿವೆ. ಅಲ್ಲಿ ‘ದರ್ಬಾರ್ ಹಾಲ್’ ಎಂಬ ಮರದ ಕೆತ್ತನೆಯ ಭವ್ಯ ಕೋಣೆಯಿದೆ. 1886ರಲ್ಲಿ ಲಂಡನ್ನಿನ ವಸಾಹತು ಪ್ರದರ್ಶನಕ್ಕಾಗಿ ಅದನ್ನು ಕೆತ್ತಿದವರು ಪಂಜಾಬಿನ ಮುಹಮ್ಮದ್ ಬಕ್ಷ್ ಮತ್ತು ಮುಹಮ್ಮದ್ ಜುಮಾ. ಬ್ರಾಸ್ಸಿ ಅದನ್ನು ಕೊಂಡು ತನ್ನ ಲಂಡನ್ನಿನ ಮನೆಗೆ ಜೋಡಿಸಿಕೊಂಡಿದ್ದ. ಇಬ್ಬರು ಬಡಗಿಗಳ ಕೆಲಸ ಗೋಡೆಯ ಮೇಲೆ ಉಳಿಯಿತು, ಅದರ ಜೊತೆ ಅವರ ಹೆಸರೂ ಉಳಿಯಿತು. ನಾವಿಕನ ಕೆಲಸ ಹಾಗಲ್ಲ. ಹಡಗು ಹಾದುಹೋದ ನೀರಿನ ಗೆರೆ ಎಷ್ಟು ಹೊತ್ತು ಇದ್ದೀತು?

ಇನ್ನು ಯುದ್ಧದ ಕಥೆ. 1915ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಬ್ರಾಸ್ಸಿ ಗ್ಯಾಲಿಪೊಲಿಯ ಗಾಯಾಳುಗಳ ಸೇವೆಗಾಗಿ ಸನ್‌ಬೀಮ್ ಒಯ್ದ. 1916ರಲ್ಲಿ ಅದನ್ನು ಆಸ್ಪತ್ರೆಯ ಕೆಲಸಕ್ಕೆಂದು ಭಾರತ ಸರಕಾರಕ್ಕೆ ಕೊಟ್ಟುಬಿಟ್ಟ.

ಭಾರತ ಸರಕಾರಕ್ಕೆ ಆಗ ಆಸ್ಪತ್ರೆ ಹಡಗಿನ ಅಗತ್ಯ ಎಷ್ಟಿತ್ತೆಂದು ತಿಳಿಯಲು ಮೆಸಪೊಟೇಮಿಯದ, ಅಂದರೆ ಇಂದಿನ ಇರಾಕಿನ, ದಂಡಯಾತ್ರೆಯನ್ನು ನೋಡಬೇಕು. ತುರ್ಕರ ವಿರುದ್ಧದ ಆ ಯುದ್ಧ ನಡೆದದ್ದು ಹೆಚ್ಚಾಗಿ ಭಾರತೀಯ ಸಿಪಾಯಿಗಳಿಂದ. 1915ರ ನವೆಂಬರಿನಲ್ಲಿ ಬಗ್ದಾದಿನ ಸಮೀಪದ ಟೆಸಿಫೋನಿನಲ್ಲಿ ನಡೆದ ಕಾಳಗದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಸತ್ತರು. ಗಾಯಾಳುಗಳನ್ನು ಸ್ಪ್ರಿಂಗ್ ಇಲ್ಲದ ಗಾಡಿಗಳಲ್ಲಿ ನದಿಗೆ ತಂದು, ಸಾಮಾನು ಸಾಗಿಸುವ ದೋಣಿಗಳಲ್ಲಿ ತುಂಬಿ, ಟೈಗ್ರಿಸ್ ನದಿಯಲ್ಲಿ ದಿನಗಟ್ಟಲೆ ಸಾಗಿಸಿ ಬಸ್ರಾಕ್ಕೆ ತಲುಪಿಸಿದರು. ಹಾಸಿಗೆಯಿಲ್ಲ, ಶೌಚದ ವ್ಯವಸ್ಥೆಯಿಲ್ಲ, ಕಟ್ಟಿದ ಪಟ್ಟಿಯನ್ನು ಬಿಚ್ಚುವವರಿಲ್ಲ. ಬಸ್ರಾದಲ್ಲಿ ಆಸ್ಪತ್ರೆ ಹಡಗೊಂದರ ಅಧಿಕಾರಿಯಾಗಿದ್ದ ಮೇಜರ್ ಕಾರ್ಟರ್ ಎಂಬ ವೈದ್ಯ, ಬರುತ್ತಿದ್ದ ದೋಣಿಯ ಬದಿಯಿಂದ ಹಗ್ಗಗಳು ಜೋಲುತ್ತಿವೆ ಎಂದುಕೊಂಡನಂತೆ. ಹತ್ತಿರ ಬಂದಾಗ ನೋಡಿದರೆ ಅದು ಒಣಗಿ ಜೋತುಬಿದ್ದ ಮನುಷ್ಯರ ಮಲ. ಸತ್ಯ ಹೇಳಿದ್ದಕ್ಕೆ ಮೇಲಧಿಕಾರಿಗಳು ಅವನನ್ನೇ ಗದರಿಸಿದರು. 1917ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ಮೆಸಪೊಟೇಮಿಯ ಆಯೋಗದ ವರದಿ ಬಂದಾಗ ಲೋಕಕ್ಕೆ ಇದು ಗೊತ್ತಾಯಿತು. ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟ.

ಬಸ್ರಾದ ಮಾತು ತೆಗೆದರೆ ಮುತ್ತಜ್ಜ ಎದ್ದು ಹೋಗುತ್ತಿದ್ದರಂತೆ. ಈ ವರದಿಯ ಸಂಗತಿಗಳನ್ನು ಓದಿದ ಮೇಲೆ ಅದಕ್ಕೆ ಬೇರೆ ವಿವರಣೆ ಬೇಕೆಂದು ನನಗೆ ಅನ್ನಿಸಲಿಲ್ಲ. ಗಾಯಾಳುಗಳು ಮಲಗಿದ್ದ ನೆಲವನ್ನು ಯಾರಾದರೂ ತೊಳೆಯಲೇಬೇಕಿತ್ತು. ಲಸ್ಕರರ ಕೆಲಸವೇ ಅದು.

ಆದರೆ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ನಾನು ಓದಿದ ಪುಸ್ತಕಗಳಲ್ಲಿ ಲಾರ್ಡ್ ಮತ್ತು ಅವನ ಕುಟುಂಬ ಇರುವಷ್ಟು ಕಾಲ ಸನ್‌ಬೀಮಿನ ಪ್ರತಿ ಬಂದರು, ಪ್ರತಿ ಬಿರುಗಾಳಿ, ಪ್ರತಿ ಔತಣ ದಾಖಲಾಗಿದೆ. ಹಡಗು ಭಾರತ ಸರಕಾರದ ಕೈಗೆ ಬಂದ ಕ್ಷಣದಿಂದ ಬರವಣಿಗೆ ತೆಳುವಾಗಿ ಒಂದೆರಡು ಸಾಲಿಗೆ ಇಳಿಯುತ್ತದೆ. 1918ರಲ್ಲಿ ಬ್ರಾಸ್ಸಿ ತೀರಿಕೊಂಡ. ಮುಂದೆ ಹಡಗು ವಾಲ್ಟರ್ ರನ್ಸಿಮನ್ ಎಂಬ ಹಡಗು ಉದ್ಯಮಿಯ ಪಾಲಾದಾಗ ಬರವಣಿಗೆ ಮತ್ತೆ ದಪ್ಪಗಾಗುತ್ತದೆ. 1929ರಲ್ಲಿ ಅದನ್ನು ಒಡೆದು ಹಾಕಿದ್ದು, ಅದೇ ವರ್ಷ ಅದೇ ಹೆಸರಿನ ಎರಡನೆಯ ಹಡಗು ಬಂದದ್ದು, ಹಳೆಯದರ ಮೂತಿಯ ಮೇಲಿದ್ದ ಕೆತ್ತನೆಯ ಪ್ರತಿಮೆ ಗ್ರೀನಿಚ್ಚಿನ ಮ್ಯೂಸಿಯಮ್ ಸೇರಿದ್ದು, ಎಲ್ಲವೂ ಇದೆ. ಹಡಗಿನ ಚರಿತ್ರೆ ಎಂದು ನಾವು ಓದುವುದು ಬಹುಪಾಲು ಹಡಗಿನ ಯಜಮಾನರ ಚರಿತ್ರೆ.

ಎರಡನೆಯದಾಗಿ ಪದಕವನ್ನು ಹುಡುಕಿದೆ. ಅದು ಬ್ರಿಟನ್ನಿನ ವಾಣಿಜ್ಯ ಮಂಡಳಿ ಯುದ್ಧದ ಬಳಿಕ ವಾಣಿಜ್ಯ ನಾವಿಕರಿಗೆ ಕೊಟ್ಟ ಪದಕ. ಯುದ್ಧಕಾಲದಲ್ಲಿ ಅಪಾಯದ ವಲಯ ದಾಟಿದವರಿಗೆ ಸಿಕ್ಕಿದ್ದು. ಒಟ್ಟು ಸುಮಾರು 1,33,000 ಪದಕಗಳನ್ನು ಹಂಚಿದರು. ಅಲೆಗಳನ್ನು ಸೀಳುವ ಉಗಿಹಡಗು, ಮುಳುಗುತ್ತಿರುವ ಶತ್ರುವಿನ ಜಲಾಂತರ್ಗಾಮಿ, ಹಿನ್ನೆಲೆಯಲ್ಲಿ ಒಂದು ಹಾಯಿಹಡಗು. ಆ ಚಿತ್ರ ಎಲ್ಲ ಪದಕಗಳ ಮೇಲೂ ಒಂದೇ. ಲಿವರ್‌ಪೂಲಿನವನ ಪದಕದ ಮೇಲೂ ಅದೇ ಹಾಯಿ, ಹೊನ್ನಾವರದವನ ಪದಕದ ಮೇಲೂ ಅದೇ ಹಾಯಿ. ಅಂಚಿನಲ್ಲಿ ಹೆಸರು ಮಾತ್ರ. ಹಡಗಿನ ಹೆಸರಿಲ್ಲ, ಊರಿಲ್ಲ, ತಂದೆಯ ಹೆಸರಿಲ್ಲ.

ಹಾಗಾದರೆ ಮನೆಯವರು ಪದಕದ ಚಿತ್ರ ನೋಡಿ ಹಾಯಿಹಡಗಿನ ಕಥೆ ಕಟ್ಟಿದರೇ? ಅಥವಾ ಮುತ್ತಜ್ಜನೇ ಹೇಳಿದ ಕಥೆಗೆ ಪದಕದ ಚಿತ್ರ ಸಾಕ್ಷಿಯಾಗಿ ಕೂಡಿಕೊಂಡಿತೇ? ಚಿತ್ರದಿಂದ ಹಾಯಿಯನ್ನು ಊಹಿಸಬಹುದು, ಆದರೆ ‘ಲಾಟ್ ಸಾಹೇಬ’ನನ್ನೂ ‘ದವಾಖಾನೆ’ಯನ್ನೂ ಊಹಿಸಲಾಗದು. ಅಕ್ಷರ ಬಾರದ ನನ್ನ ಅಜ್ಜಿ ಇಂಗ್ಲಿಷ್ ಪುಸ್ತಕ ಓದಿ ಬ್ರಾಸ್ಸಿಯ ಕಥೆ ಹೇಳಿದ್ದಲ್ಲ. ಆ ಎರಡು ಪದಗಳು ಮುತ್ತಜ್ಜನ ಬಾಯಿಂದಲೇ ಬಂದಿರಬೇಕು ಎಂದು ನಾನು ನಂಬುತ್ತೇನೆ. ನಂಬಿಕೆ ದಾಖಲೆಯಲ್ಲ ಎಂಬುದೂ ನನಗೆ ಗೊತ್ತು.

ಮೂರನೆಯದಾಗಿ ಹೆಸರನ್ನು ಹುಡುಕಿದೆ. ಬ್ರಿಟಿಷ್ ಹಡಗುಗಳ 1915ರ ಸಿಬ್ಬಂದಿ ಪಟ್ಟಿಗಳು ಉಳಿದುಕೊಂಡಿವೆ. ಸ್ವಯಂಸೇವಕರು ಅವನ್ನು ನಕಲು ಮಾಡಿ, ಸುಮಾರು ಏಳೂವರೆ ಲಕ್ಷ ಹೆಸರುಗಳನ್ನು ಎಲ್ಲರೂ ನೋಡುವಂತೆ ಮಾಡಿದ್ದಾರೆ. ಆದರೆ ಲಸ್ಕರರನ್ನು ನೇಮಿಸಿಕೊಳ್ಳುತ್ತಿದ್ದದ್ದು ಬೇರೆ ಒಪ್ಪಂದದ ಮೇಲೆ, ಬೇರೆ ಕಾಗದದಲ್ಲಿ. ಇಂಗ್ಲಿಷ್ ಗುಮಾಸ್ತ ಕಿವಿಗೆ ಕೇಳಿದಂತೆ ಬರೆದ ಹೆಸರುಗಳು ಅವು. ‘ಶೇಖ್’ ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ. ಅದಲ್ಲದೆ ಮುತ್ತಜ್ಜನ ಹೆಸರು ನಮ್ಮ ಕರಾವಳಿಯಲ್ಲಿ ಓಣಿಗೆ ಇಬ್ಬರಿಗೆ ಇದೆ. ಆ ಹೆಸರಿನವರು ಸಿಕ್ಕಿದರು, ಮುತ್ತಜ್ಜ ಸಿಗಲಿಲ್ಲ.

ಮುಂಬಯಿಯ ಮಸ್ಜಿದ್ ಬಂದರಿನ ಬಳಿ ಇಂಡಿಯನ್ ಸೇಲರ್ಸ್ ಹೋಮ್ ಇದೆ. ಮೊದಲನೆಯ ಮಹಾಯುದ್ಧದಲ್ಲಿ ಸತ್ತು, ಕಡಲನ್ನೇ ಕಬರಾಗಿ ಪಡೆದ ಎರಡು ಸಾವಿರಕ್ಕೂ ಹೆಚ್ಚು ನಾವಿಕರ ಸ್ಮಾರಕ ಅಲ್ಲಿದೆ. ಮುತ್ತಜ್ಜ ಬದುಕಿ ಬಂದವರಾದುದರಿಂದ ಅಲ್ಲಿ ಅವರ ಹೆಸರಿರಲು ಸಾಧ್ಯವಿಲ್ಲ ಎಂದು ತಿಳಿದೇ ಹೋದೆ. ಹೋಗಿ, ಅಲ್ಲಿರುವವರಿಗಾಗಿ ಫಾತಿಹಾ ಓದಿ ಬಂದೆ. ಮೈಸೂರು ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದ ಕಾಳಗವನ್ನು ಕರ್ನಾಟಕ ನೆನಪಿಟ್ಟುಕೊಂಡಿದೆ. ಅದು ಒಳ್ಳೆಯದೇ. ಕುದುರೆ ಏರಿದವನಿಗೆ ಸಿಕ್ಕ ನೆನಪಿನಲ್ಲಿ ಸ್ವಲ್ಪವಾದರೂ ಹಡಗಿನ ಒಲೆಗೆ ಕಲ್ಲಿದ್ದಲು ಹಾಕಿದವನಿಗೂ ಸಿಗಬೇಕಿತ್ತು.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಇದು ಹೆಮ್ಮೆಪಡುವ ಸೇವೆಯೇ? ಗ್ಯಾಲಿಪೊಲಿಯಲ್ಲೂ ಬಸ್ರಾದಲ್ಲೂ ಯುದ್ಧ ನಡೆದದ್ದು ಉಸ್ಮಾನಿ ಖಲೀಫರ ಸೈನ್ಯದ ವಿರುದ್ಧ. ಯುದ್ಧ ಮುಗಿದ ಒಡನೆ ಭಾರತದಲ್ಲಿ ಖಿಲಾಫತ್ ಚಳುವಳಿ ಎದ್ದಿತು. 1920ರ ಆಗಸ್ಟ್ 1ರಂದು ಗಾಂಧೀಜಿ ತಮ್ಮ ಕೈಸರ್-ಇ-ಹಿಂದ್ ಪದಕವನ್ನೂ, ದಕ್ಷಿಣ ಆಫ್ರಿಕಾದಲ್ಲಿ ಗಾಯಾಳುಗಳ ಸೇವೆಗೆ ಸಿಕ್ಕಿದ್ದ ಎರಡು ಯುದ್ಧ ಪದಕಗಳನ್ನೂ ವೈಸರಾಯರಿಗೆ ಹಿಂತಿರುಗಿಸಿದರು. ನಮ್ಮ ಮನೆಯ ಪದಕ ಗಂಟಿನೊಳಗೆ ಸೇರಿದ್ದು ಆ ಕಾಲದ ಬಿಸಿಯಿಂದಲೇ ಎಂದು ಅಜ್ಜಿ ಕೇಳಿ ಬಲ್ಲರು. ಮಸೀದಿಯ ಜಗಲಿಯಲ್ಲಿ ತುರ್ಕರ ದುಃಖದ ಮಾತು ನಡೆಯುವಾಗ ದೊರೆಯ ಮುಖವಿರುವ ಪದಕವನ್ನು ಯಾರು ಎದೆಗೆ ಸಿಕ್ಕಿಸಿಕೊಂಡಾರು? ಮುತ್ತಜ್ಜ ಅದನ್ನು ಧರಿಸಲಿಲ್ಲ. ಮಾರಲೂ ಇಲ್ಲ. ಹಿಂತಿರುಗಿಸಲು ಅವರೇನು ಗಾಂಧೀಜಿಯೇ? ವೈಸರಾಯರಿಗೆ ಪತ್ರ ಬರೆಯುವ ಅಕ್ಷರವೂ ಅವರಲ್ಲಿರಲಿಲ್ಲ.

ನಮ್ಮ ಸಂಬಂಧಿಕರಲ್ಲಿ ಕೆಲವರು ಈಗ ಅವರನ್ನು ‘ದೇಶಕ್ಕಾಗಿ ಹೋರಾಡಿದವರು’ ಎನ್ನಲು ಬಯಸುತ್ತಾರೆ. ಈ ಕಾಲದಲ್ಲಿ ಅಂಥ ಮಾತಿಗೆ ಬೆಲೆಯಿದೆ, ಆ ಆಸೆ ನನಗೆ ಅರ್ಥವಾಗುತ್ತದೆ. ಇನ್ನು ಕೆಲವರಿಗೆ ಅವರು ಬ್ರಿಟಿಷರ ಆಳು. ಎರಡೂ ಅವರ ಮೈಗೆ ಸರಿಹೊಂದದ ಅಂಗಿಗಳು. ಅವರು ಹೊಟ್ಟೆಪಾಡಿಗೆ ಹೋದರು. ಹೋದಲ್ಲಿ ಯಾರದೋ ಯುದ್ಧ ಅವರ ಮೇಲೆ ಬಿತ್ತು. ಆ ಯುದ್ಧದಲ್ಲಿ, ಅಜ್ಜಿಯ ಮಾತು ನಿಜವಾದರೆ, ಅವರ ಪಾಲಿಗೆ ಬಂದದ್ದು ನೋವುಂಡವರನ್ನು ಸಾಗಿಸುವ ಕೆಲಸ. ನರಳುವವನ ಬಾಯಿಗೆ ನೀರು ಹಿಡಿದವನನ್ನು ನಾಚಿಕೆಯ ಗಂಟಿನಲ್ಲಿ ಕಟ್ಟಿಡಬೇಕಾಗಿಲ್ಲ. ವೀರನೆಂದು ಮೆರವಣಿಗೆ ಮಾಡಬೇಕಾಗಿಯೂ ಇಲ್ಲ.

ದಾಖಲೆಗಳಲ್ಲಿ ಸಿಗದ ಮುತ್ತಜ್ಜ ನನಗೆ ಸಿಕ್ಕಿದ್ದು ಬೇರೆ ಕಡೆ. ನಮ್ಮ ಮನೆಯಲ್ಲಿ ಬಾವಿಗೆ ಕೊಡ ಇಳಿಸುವಾಗ ಹೆಂಗಸರು ‘ಆರಿಯಾ, ಆರಿಯಾ’ ಎನ್ನುತ್ತಿದ್ದರು. ಭಾರದ್ದನ್ನು ಮೇಲೆತ್ತುವಾಗ ‘ಹಬೇಸ್’. ಅದು ನಮ್ಮ ಮನೆಮಾತಿನ ಪದವೆಂದೇ ನಾವು ತಿಳಿದಿದ್ದೆವು. ಅದು ಲಸ್ಕರರ ಭಾಷೆ. ‘ಆರಿಯಾ’ ಎಂದರೆ ಇಳಿಸು, ಪೋರ್ಚುಗೀಸಿನ ‘ಅರಿಯಾರ್’ ಪದದಿಂದ ಬಂದದ್ದು. ಮುಂಬಯಿಯ ಗೋದಿಯಲ್ಲಿ ಕ್ರೇನ್ ನಡೆಸುವವರಿಗೂ ಈ ಎರಡು ಪದಗಳು ಪರಿಚಿತ. ಹಿಂದೂಸ್ತಾನಿ, ಅರಬಿ, ಪಾರಸಿ, ಪೋರ್ಚುಗೀಸ್, ಇಂಗ್ಲಿಷ್ ಎಲ್ಲ ಬೆರೆತ ಆ ಹಡಗಿನ ಭಾಷೆಗೆ 1811ರಲ್ಲಿಯೇ ಥಾಮಸ್ ರೋಬಕ್ ಎಂಬವನು ಒಂದು ನಿಘಂಟು ಮಾಡಿದ್ದ, ಹಡಗಿನ ಸಾಹೇಬರು ಆಜ್ಞೆ ಮಾಡಲು ಕಲಿಯಲಿ ಎಂದು. ಯಾವ ಗುಮಾಸ್ತನೂ ಬರೆದಿಡದ ಮುತ್ತಜ್ಜನ ಸೇವೆಯನ್ನು ನಮ್ಮ ಮನೆಯ ಹೆಂಗಸರು ನೂರು ವರ್ಷ ಬಾವಿಕಟ್ಟೆಯ ಮೇಲೆ ಬಾಯಲ್ಲಿ ಉಳಿಸಿಕೊಂಡು ಬಂದಿದ್ದರು. ಈಗ ಬಾವಿಗೆ ಪಂಪು ಬಂದಿದೆ. ಪದ ಹೇಳುವವರಿಲ್ಲ.

ತಮ್ಮನ ಪ್ರಶ್ನೆಗೆ ಉತ್ತರ ಹೇಳಲೇಬೇಕು. ಇಲ್ಲ, ಆ ಪದಕ ಯಾವ ಕಚೇರಿಯ ಮೇಜಿನ ಮೇಲೂ ದಾಖಲೆಯಾಗುವುದಿಲ್ಲ. ಆದರೆ ಒಂದು ಮನೆಯ ಚರಿತ್ರೆ ಕಚೇರಿಯ ಮೇಜಿಗಾಗಿಯೇ ಇರುವುದಲ್ಲವಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂಥ ಗಂಟುಗಳಿವೆ. ಹಡಗಿನ ಕೆಲಸದ ಹಳೆಯ ಪುಸ್ತಿಕೆ, ಬಸ್ರಾದಿಂದ ತಂದ ತಸ್ಬೀಹ್, ಏಡನ್ನಿನ ಒಂದು ಫೋಟೋ. ಮುಸ್ಲಿಮರ ಮನೆಗಳಲ್ಲಿ ಮಾತ್ರವಲ್ಲ, ಖಾರ್ವಿಗಳ, ಮೊಗವೀರರ, ಕ್ರೈಸ್ತರ ಮನೆಗಳಲ್ಲೂ. ಅವುಗಳ ಬಗ್ಗೆ ಹೇಳಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರ ಬಳಿ ಕುಳಿತು ಯಾವ ಹಡಗು, ಯಾವ ಬಂದರು, ಯಾರ ಜೊತೆ ಎಂದು ಕೇಳಿ, ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಡಬೇಕು. ನಿಜವೋ ಸುಳ್ಳೋ ಎಂದು ಆಮೇಲೆ ತೂಗಿ ನೋಡಬಹುದು. ಮೊದಲು ಬರೆದಿಡುವುದಾಗಲಿ. ಲಾರ್ಡರ ಹಡಗಿನ ಅಡುಗೆಯವನಿಗೆ ಸಿಕ್ಕಿದ ಆ ಒಂದು ಸಾಲು ನಮ್ಮ ಖಲಾಸಿಗಳಿಗೂ ಸಿಗಲಿ. ಅದನ್ನು ಬರೆಯಲು ಯಾವ ಲಾರ್ಡನೂ ಬರುವುದಿಲ್ಲ, ನಾವೇ ಬರೆಯಬೇಕು.